ಎರಡು ಅವರೆ ಹಂಗಾಮು

ನವೆಂಬರ್ 5, ಮಂಗಳವಾರ

ಬಾಯಲ್ಲಿ ಹೇಳಿದ್ರೆ ಜಗಳ ಆಗುತ್ತೆ, ಅದಕ್ಕೇ ಬರೀತಿದೀನಿ. ಈ ಬುಕ್ಕು ಮಗ ದೀಪಕ್ ತಂದುಕೊಟ್ಟಿದ್ದು, ದಿನಾ ಬಿ.ಪಿ. ಬರ್ಕೊಳಮ್ಮ ಅಂತ. ಬಿ.ಪಿ. ಏರ್ಸೋರನ್ನ ಬರ್ಕೊಂಡ್ರೂ ಅಷ್ಟೇ. ನಾಲ್ಕನೇ ಕ್ಲಾಸಿನ ಅಕ್ಷರ ನನ್ನ ಕೋಪಕ್ಕೆ ಸಾಕು.

ಮೊದಲನೇ ಹೆಸರು ನನ್ನ ಸೊಸೆ ಶೃತಿ. ಇವತ್ತು ಈ ವರ್ಷದ ಮೊದಲ ಸೊಗಡು ಅವರೆ ಬಂದಿತ್ತು ಗಾಡೀಲಿ. ಐದು ಕೆಜಿ ತಗೊಂಡೆ. ಬಿಡಿಸೋಕೆ ನಾನೊಬ್ಳೇ. ಅವರೆ ಮೇಲೆ ಡಾಕ್ಟರೇಟ್ ಮಾಡಿರೋ ಮಹಾರಾಣಿ ಸಂಜೆ ಬಂದ್ಲು, ಚೀಲ ಬಿಸಾಕಿದ್ಲು, ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. ಕಾಫಿ ಕುಡೀತೀಯೇನೇ ಅಂದ್ರೂ ಬಾಗಿಲು ತೆಗೀಲಿಲ್ಲ. ಹೋದ ತಿಂಗಳು ಅವಳು ಸಂಜೆ ದೇವರಿಗೆ ದೀಪ ಹಚ್ಚಿದ್ದು ನಾಲ್ಕೇ ದಿನ. ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಇಟ್ಟಿದೀನಿ, ಸುಳ್ಳು ಹೇಳ್ತಿಲ್ಲ.

ದೀಪಕ್ ಹೇಳ್ದ, ಅವಳ ಸಂಶೋಧನಾ ಸಂಸ್ಥೆಯಿಂದ ಕಾಗದ ಬಂದಿದೆಯಂತೆ. ಆರು ವರ್ಷ ಟೆಂಪರರಿ ಕೆಲಸ ಆಯ್ತು, ಜನವರೀಲಿ ಕಮಿಟಿ ಕೂತು ಪರ್ಮನೆಂಟ್ ಮಾಡ್ಬೇಕಾ ಮನೆಗೆ ಕಳಿಸ್ಬೇಕಾ ಅಂತ ತೀರ್ಮಾನ ಮಾಡುತ್ತಂತೆ. ಇವಳ ನಂಬರ್ ಸಾಲದಂತೆ.

“ಏನು ನಂಬರೋ? ಪರೀಕ್ಷೇನಾ?”

“ಎಷ್ಟು ಪೇಪರ್ ಬರೆದಿದಾಳೆ, ಬೇರೆ ವಿಜ್ಞಾನಿಗಳು ಅದರ ಹೆಸರು ಎಷ್ಟು ಸಲ ಅವರವರ ಪೇಪರಲ್ಲಿ ಹೇಳಿದಾರೆ, ಅದರ ಲೆಕ್ಕ ಅಮ್ಮ.”

“ಹೋದ್ರೆ ಹೋಗ್ಲಿ ಬಿಡು. ನಿನ್ನ ಮಗಳಿಗೆ ಜಡೆ ಹಾಕೋಕೆ ಮನೇಲಿ ಒಬ್ರು ಆದಂಗಾಯ್ತು.”

ದೀಪಕ್ ನನ್ನ ಮುಖ ನೋಡ್ದ, ಎದ್ದು ಹೋದ. ಹೆತ್ತ ತಾಯಿನ ನೋಡೋ ನೋಟ ಅಲ್ಲ ಅದು. ಅವನಪ್ಪ ಗಂಗಾಧರಯ್ಯ ಬದುಕಿದ್ದಿದ್ರೆ ಹಂಗೆ ನೋಡೋಕೆ ಬಿಡ್ತಿರ್ಲಿಲ್ಲ.

ನವೆಂಬರ್ 8, ಶುಕ್ರವಾರ

ಅವಳು ಇವತ್ತೂ ಸರಿಯಾಗಿ ಊಟ ಮಾಡ್ಲಿಲ್ಲ. ಮುದ್ದೆ ಹಂಗೇ ಬಿಟ್ಟು ಎದ್ಲು. ಅನ್ನ ಬಿಸಾಕೋಕೆ ನಮ್ಮನೇಲಿ ಏನು ಕಣಜ ತುಂಬಿ ಚೆಲ್ತಿದೆಯಾ? ಬೈದೆ. ಸುಮ್ನೆ ಕೇಳಿಸ್ಕೊಂಡ್ಲು. ತಿರುಗಿ ಮಾತಾಡಿದ್ರೆ ಬೈಯೋಕೆ ಚೆನ್ನಾಗಿರುತ್ತೆ. ಸುಮ್ನಿದ್ರೆ ಬೈದಿದ್ದು ನನ್ನ ಗಂಟಲಲ್ಲೇ ಸಿಕ್ಕೊಳ್ಳುತ್ತೆ.

ನವೆಂಬರ್ 12, ಮಂಗಳವಾರ

ಇವತ್ತು ಹಿತಕಿದ ಬೇಳೆ ಸಾರು. ನೆನೆಸಿದ ಕಾಳು ಎರಡು ಬೆರಳಲ್ಲಿ ಹಿತುಕ್ತಾ ಕೂತಿದ್ದೆ, ಅವಳು ರಜ ಹಾಕಿ ಮನೇಲಿದ್ಲು, ತಾನಾಗೇ ಬಂದು ಪಕ್ಕ ಕೂತ್ಲು. ಅರ್ಧ ಬೋಗುಣಿ ಆಗೋವರೆಗೂ ಇಬ್ರೂ ಹಿತುಕಿದ್ವಿ. ಆಮೇಲೆ ನಾನೇ ಕೇಳ್ದೆ, ಅದೇನೇ ನಿನ್ನ ನಂಬರು ಅಂತ.

ಅವಳು ಸಿಪ್ಪೆಯ ರಾಶೀನ ಪಕ್ಕಕ್ಕೆ ಸರಿಸಿದ್ಲು. “ಅತ್ತೆ, ಒಂದೊಂದು ಪೇಪರು ಒಂದೊಂದು ಅವರೆ ಬಳ್ಳಿ ಅಂದ್ಕೊಳ್ಳಿ. ಯಾರೋ ಬೇರೆಯವರು ನನ್ನ ಪೇಪರ್ ಹೆಸರು ಹೇಳಿದ್ರೆ ಆ ಬಳ್ಳೀಲಿ ಒಂದು ಕಾಯಿ. ಐದು ಬಳ್ಳೀಲಿ ಕಡಿಮೆ ಅಂದ್ರೂ ಐದೈದು ಕಾಯಿ ಇದ್ರೆ ನನ್ನ ನಂಬರ್ ಐದು. ಎಂಟು ಬಳ್ಳೀಲಿ ಎಂಟೆಂಟು ಇದ್ರೆ ಎಂಟು. ಅವರಿಗೆ ಎಂಟು ಬೇಕು. ನಂದು ಐದು.”

“ನಿನ್ನ ಬಳ್ಳೀಲಿ ಕಾಯಿ ಬಿಟ್ಟಿಲ್ವಾ?”

“ಒಂದು ಬಳ್ಳೀಲಿ ನೂರಾ ನಲವತ್ತು ಬಿಟ್ಟಿದೆ.”

“ಮತ್ತೆ?”

“ಅದೂ ಒಂದೇ ಬಳ್ಳಿ. ಐದೇ.”

ಯಾವ ಕತ್ತೆ ಬಾಲಕ್ಕೆ ಹುಟ್ಟಿದ ಲೆಕ್ಕ ಇದು! ನೂರಾ ನಲವತ್ತು ಕಾಯಿ ಬಿಟ್ಟ ಬಳ್ಳಿ ಕಂಡ್ರೆ ನಮ್ಮಪ್ಪ ಅದರ ಬೀಜ ಎತ್ತಿಡ್ತಿದ್ದ. ಇವರು ಪಕ್ಕದ ಬಳ್ಳಿ ನೋಡಿ ಫೇಲ್ ಮಾಡ್ತಾರೆ.

ಬಳ್ಳಿ ಜಾಸ್ತಿ ಹಾಕೋಕೇನು ರೋಗ ಅಂದೆ. ಅದಕ್ಕೆ ಅವಳು, “ನೀವೇ ಹೇಳಿ ಅತ್ತೆ, ನಾಟಿ ಅವರೆ ವರ್ಷಕ್ಕೆ ಎಷ್ಟು ಸಲ ಹೂ ಬಿಡುತ್ತೆ?” ಅಂದ್ಲು. ಹೇಳೋದೇನು, ಹಗಲು ಸಣ್ಣದಾಗಿ ಇಬ್ಬನಿ ಬಿದ್ದಾಗ ಒಂದೇ ಸಲ. ನೀರು ಗೊಬ್ಬರ ಎಷ್ಟು ಸುರಿದ್ರೂ ಬೇಸಿಗೇಲಿ ಹೂ ಬಿಡಲ್ಲ. ಇವಳ ಕೆಲಸ, ಔಷಧಿ ಹೊಡೀದೆ ಕಾಯಿಕೊರಕ ಹುಳ ತಡ್ಕೊಳ್ಳೋ ಬಳ್ಳಿ ಯಾವುದು ಅಂತ ಹುಡುಕೋದು. ವರ್ಷಕ್ಕೆ ಒಂದು ಹಂಗಾಮು, ಅದರಲ್ಲಿ ಸಿಕ್ಕಿದ್ದು ಮುಂದಿನ ವರ್ಷ ಒಂದು ಪೇಪರ್. ಪಕ್ಕದ ರೂಮಿನ ತಿರುಮಲೇಶ ಅನ್ನೋನು ಗಾಜಿನ ತಟ್ಟೇಲಿ ಎಲೆ ಇಟ್ಟು ತಿಂಗಳಿಗೊಂದು ಬರೀತಾನಂತೆ. ಅವನ ನಂಬರ್ ಹತ್ತೊಂಬತ್ತು.

ಇನ್ನೊಂದು ಹೇಳಿದ್ಲು. ಅವಳು ಕೆಲಸಕ್ಕೆ ಸೇರ್ದಾಗ ನಾನು ಮಡಕೆಯಿಂದ ಬೂದಿ ಕೊಡವಿ ಒಂದು ಬೊಗಸೆ ಬೀಜ ಕೊಟ್ಟಿದ್ದೆ, ನನ್ನ ತವರಿನ ಬೀಜ. ಎಲ್ಲಕ್ಕಿಂತ ಕಡಿಮೆ ತೂತು ಬಿದ್ದಿದ್ದು ಅದರ ಕಾಯಲ್ಲೇ ಅಂತೆ. ನೂರಾ ನಲವತ್ತರ ಪೇಪರಿನ ಕೊನೇಲಿ ‘ಬೀಜ ಕೊಟ್ಟ ಇಟ್ಟಮಡುವಿನ ಸೊಣ್ಣಮ್ಮನವರಿಗೆ ಕೃತಜ್ಞತೆ’ ಅಂತ ಇಂಗ್ಲಿಷಲ್ಲಿ ಅಚ್ಚು ಹಾಕಿಸಿದಾಳೆ. ನಂಗೆ ಹೇಳೇ ಇರ್ಲಿಲ್ಲ.

“ಅದಕ್ಕೆಷ್ಟು ಮಾರ್ಕು?”

“ಅದಕ್ಕೆ ಮಾರ್ಕಿಲ್ಲ ಅತ್ತೆ.”

ನವೆಂಬರ್ 13, ಬುಧವಾರ

ಆ ಐದು ತಲೇಲೇ ಕೂತಿದೆ. ಹಸು ಕೊಳ್ಳೋಕೆ ಬಂದೋನು ಕೆಚ್ಚಲು ನೋಡ್ದೆ ಬಾಲ ಅಳೆದು ಹೋದಂಗಾಯ್ತು.

ನವೆಂಬರ್ 17, ಭಾನುವಾರ

ತಿರುಮಲೇಶ ಮನೆಗೆ ಬಂದಿದ್ದ, ಮೈಸೂರುಪಾಕು ತಗೊಂಡು. ಹಲ್ಲು ಬಿಳಿ, ಮಾತು ಬೆಣ್ಣೆ. ನಾನಿದ್ದೀನಿ ಅಂತ ಅವನಿಗೆ ಲೆಕ್ಕವೇ ಇಲ್ಲ, ಮುದುಕಿಗೇನು ಗೊತ್ತಾಗುತ್ತೆ ಅಂತ ಎದುರಿಗೇ ಶುರು ಮಾಡ್ದ.

“ಮೇಡಂ, ನನ್ನ ನಾಲ್ಕು ಪೇಪರಲ್ಲಿ ನಿಮ್ಮ ಹೆಸರು ಸೇರಿಸ್ತೀನಿ. ನಿಮ್ಮದರಲ್ಲಿ ನಂದು ಹಾಕಿ. ನಾವು ಹನ್ನೆರಡು ಜನ ಒಂದು ಗುಂಪು ಇದೀವಿ, ಒಬ್ಬರ ಹೆಸರು ಇನ್ನೊಬ್ಬರು ಹೇಳ್ತೀವಿ. ಎಂಟು ಆಗೋದು ಏನು ಮಹಾ?”

ನಾನು ಕೇಳ್ದೆ, “ಏನಪ್ಪಾ, ನಿಮ್ಮ ಕಡೆ ಮುಯ್ಯಾಳು ಗೊತ್ತಾ?”

“ಗೊತ್ತಮ್ಮ, ನಮ್ಮಜ್ಜಿ ಹೇಳೋರು. ಇವತ್ತು ನಿಮ್ಮ ಹೊಲದಲ್ಲಿ ನಾನು ಕಳೆ ಕಿತ್ರೆ ನಾಳೆ ನನ್ನ ಹೊಲಕ್ಕೆ ನೀವು ಬರ್ಬೇಕು. ಕೂಲಿ ಇಲ್ಲ, ಆಳಿಗೆ ಆಳು.” ಅಂದು ನಕ್ಕ. “ಸರಿಯಾಗಿ ಹೇಳಿದ್ರಿ, ಇದೂ ಅದೇ!”

“ಅದೇ ಅಲ್ಲ ಕಣಪ್ಪ. ಮುಯ್ಯಾಳಿಗೆ ಬಂದೋಳ ಸೊಂಟ ಸಂಜೆಗೆ ಸೆಟೆದು ಹೋಗ್ತಿತ್ತು. ನೀವು ಹನ್ನೆರಡು ಜನ ಬದುವಿನ ಮೇಲೇ ಕೂತ್ಕೊಂಡು, ನೀನು ನನ್ನ ಹೊಲ ಕಿತ್ತೆ, ನಾನು ನಿನ್ನ ಹೊಲ ಕಿತ್ತೆ ಅಂತ ಕೂಗಾಡ್ತಿದೀರ. ಕಳೆ ಹಂಗೇ ಇದೆ.”

ಅವನು ಮೈಸೂರುಪಾಕು ಬಾಯಿಗಿಟ್ಕೊಂಡು ಶೃತಿ ಕಡೆ ನೋಡಿ, “ಅಮ್ಮ ಸಖತ್ ಮಾತಾಡ್ತಾರೆ” ಅಂದ. ಅವನು ತಂದಿದ್ದ ಡಬ್ಬ ಅವನ ಕೈಲೇ ವಾಪಸ್ ಕೊಡ್ಬೇಕು ಅನ್ನಿಸ್ತು. ಮೊಮ್ಮಗಳು ಪುಟ್ಟಿ ಅಷ್ಟರಲ್ಲಿ ಎರಡು ತಿಂದಾಗಿತ್ತು.

ಇವಳು ‘ಬೇಡ’ ಅನ್ನದೆ ‘ಯೋಚ್ನೆ ಮಾಡ್ತೀನಿ ಸಾರ್’ ಅಂದ್ಲು. ಅವನು ಹೋದ ಮೇಲೆ ಹಿಡ್ಕೊಂಡೆ. ಏನೇ ಯೋಚ್ನೆ, ಕಳ್ಳತನಕ್ಕೆ ಮುಹೂರ್ತನಾ ಅಂತ.

“ಬೇಡ ಅನ್ನೋಕೆ ಹೆದರಿಕೆ ಆಯ್ತು ಅತ್ತೆ. ನಾಳೆ ಹೇಳ್ತೀನಿ.”

ಹದಿಮೂರು ವರ್ಷ ಆಯ್ತು ಮದುವೆ ಆಗಿ ಬಂದು. ಹೆದರಿಕೆ ಅನ್ನೋ ಮಾತು ನನ್ನ ಹತ್ರ ಇವತ್ತೇ ಆಡಿದ್ದು.

ನವೆಂಬರ್ 22, ಶುಕ್ರವಾರ

ಮೇಲ್ಗಡೆ ಮನೆ ಬಾಡಿಗೆಗಿರೋ ಸರ್ವಮಂಗಳಾ ಟೆಲಿಫೋನ್ ಇಲಾಖೇಲಿ ರಿಟೈರ್ಡ್ ಆದೋಳು, ಫೋನು ಅಂದ್ರೆ ಅವಳಿಗೆ ನೀರು ಕುಡಿದಂಗೆ. ಶೃತಿಯ ಹೊಸ ಪೇಪರು ಹುಡುಕಿ ತೋರಿಸಿದ್ಲು. ಇಂಗ್ಲಿಷಿನ ಮಧ್ಯೆ ಅವರೆ ಹೂವಿನ ಚಿತ್ರ ನಂಗೂ ಗೊತ್ತಾಯ್ತು. ಕೆಳಗೆ ಒಂದು ಅಂಕಿ, 43.

“ಇದೇನೇ?”

“ಇಷ್ಟು ಜನ ತೆಗೆದು ನೋಡಿದಾರೆ ಅಂತ ಸೊಣ್ಣಮ್ನೋರೇ. ಈಗ ನಾವು ನೋಡಿದ್ವಲ್ಲ, ನಾಳೆ ನಲವತ್ನಾಲ್ಕು ಆಗುತ್ತೆ.”

ನಂಬರ್ ತಾನೇ ಬೇಕು ಅವರಿಗೆ? ಕೊಡ್ತೀನಿ ಇರು ನಂಬರು.

ನವೆಂಬರ್ 26, ಮಂಗಳವಾರ

ಮೂರು ಗಂಟೆಗೆ ರಾಹುಕಾಲ. ಬನಶಂಕರಿ ಗುಡೀಲಿ ನಿಂಬೆಹಣ್ಣಿನ ದೀಪ ಹಚ್ಚೋ ಹೆಂಗಸರು ಮಳೆಗಾಲದ ಇರುವೆ ಸಾಲಿನ ಹಂಗೆ. ಹಣ್ಣು ಹಿಂಡಿ, ಸಿಪ್ಪೆ ಮಗುಚಿ, ಬತ್ತಿ ಹಾಕೋವರೆಗೂ ಎಲ್ರೂ ಕೂತಿರ್ತಾರೆ, ಎಲ್ರ ಮಡಿಲಲ್ಲೂ ಫೋನು. ಇದಕ್ಕಿಂತ ಜಾಗ ಬೇಕಾ? ಸರ್ವಮಂಗಳಾ ವಾಟ್ಸಾಪಲ್ಲಿ ಕಳಿಸೋದು, ನಾನು ಪಕ್ಕ ಕೂತು ಒತ್ತಿಸೋದು.

“ಒತ್ರಮ್ಮಾ, ಒಬ್ಬ ಹೆಣ್ಮಗಳ ಕೆಲಸ ಉಳಿಯುತ್ತೆ.”

ಪದ್ಮನಾಭನಗರದ ಒಬ್ಬಳು ಕನ್ನಡಕ ಏರಿಸಿ, “ಅವರೆಕಾಯಿ ವಿಷಯಾನಾ ಅಜ್ಜಿ? ಸಾರಿನ ಪುಡಿ ಅಳತೆ ಇದೆಯಾ?” ಅಂದ್ಲು.

“ಹುಳ ಇಲ್ಲದ ಅವರೆ ಬೆಳೆಯೋದು ಹೆಂಗೆ ಅಂತ ಇದೆ.”

“ಅಯ್ಯೋ, ಹಂಗಾದ್ರೆ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೂ ಹಾಕ್ತೀನಿ ತಗಳಿ. ಮೊನ್ನೆ ತಂದಿದ್ರಲ್ಲಿ ಕಾಳಿಗಿಂತ ಹುಳವೇ ಜಾಸ್ತಿ!”

ದೀಪ ಯಾರ ಹೆಸರಲ್ಲಿ ಹಚ್ತೀರಿ ಅಂತ ಸರ್ವಮಂಗಳಾ ಕೇಳಿದ್ಲು. ಮನೆಗೆ ಅಂದೆ. ಮಂಗಳವಾರ ಶುಕ್ರವಾರ ಎರಡು ದಿನಾನೂ, ಒಂಬತ್ತು ವಾರ ಹಚ್ಚೋದು ಅಂತ ಹೇಳ್ಕೊಂಡಿದೀನಿ.

ಡಿಸೆಂಬರ್ 3, ಮಂಗಳವಾರ

1386! ನಾನೇ ಓದಿದೆ. ಎಂಟು ಕೇಳಿದೋರ ಮುಖಕ್ಕೆ ಸಾವಿರದ ಮುನ್ನೂರ ಎಂಬತ್ತಾರು. ಇನ್ನೂ ಯಾರಿಗೂ ಹೇಳಿಲ್ಲ, ಕೆಲಸ ಗಟ್ಟಿ ಆದ ಮೇಲೆ ಹೇಳ್ತೀನಿ. ತಿರುಮಲೇಶನಿಗೆ ಮಾತ್ರ ನನ್ನೆದುರಿಗೇ ತೋರಿಸ್ಬೇಕು.

ಗೋಡೆ ಮೇಲೆ ಇನ್ನೂ ನವೆಂಬರ್ ಹಾಳೇನೇ ಇತ್ತು, ಪುಟ್ಟಿ ಹರಿದ್ಲು. ಒಂದು ಗೀಟೂ ಹಾಕಿಲ್ವಲ್ಲ ಅಜ್ಜಿ ಅಂದ್ಲು. ಕೈ ಬಿಡುವಿರ್ಲಿಲ್ಲ.

ಡಿಸೆಂಬರ್ 9, ಸೋಮವಾರ

ಸಂಸ್ಥೆಯಿಂದ ಇನ್ನೊಂದು ಕಾಗದ. ನಾನು ಕಾವಲಿ ಮೇಲೆ ದೋಸೆ ಹುಯ್ತಿದ್ದೆ, ಅವಳು ದೀಪಕನಿಗೆ ಓದಿ ಹೇಳ್ತಿದ್ದದ್ದು ಕಿವಿಗೆ ಬಿತ್ತು. ಪೇಪರ್ ನೋಡಿದವರ ಅಂಕಿ ಹದಿನೈದೇ ದಿನದಲ್ಲಿ ಮೂವತ್ತು ಪಟ್ಟು ಏರಿದೆ, ಎಲ್ಲಾ ಒಂದೇ ಏರಿಯಾದಿಂದ, ಅದೂ ಮಂಗಳವಾರ ಶುಕ್ರವಾರವೇ ಹೆಚ್ಚು. ಮೋಸದಿಂದ ಏರಿಸಿದ ಅನುಮಾನ. ಒಂದು ವಾರದಲ್ಲಿ ವಿವರಣೆ ಕೊಡಬೇಕು.

“ನಾನು ತಿರುಮಲೇಶನಿಗೂ ಬೇಡ ಅಂದೆ ದೀಪು. ಯಾರು ಮಾಡಿದ್ರು ಇದನ್ನ? ಮಂಗಳವಾರ ಶುಕ್ರವಾರವೇ ಯಾಕೆ?”

ದೋಸೆ ಹೊತ್ತೋಯ್ತು. ಕಾವಲಿ ಸರಿ ಇಲ್ಲ ಅಂದೆ.

ಡಿಸೆಂಬರ್ 10, ಮಂಗಳವಾರ

ಗುಡಿಗೆ ಹೋಗ್ಲಿಲ್ಲ. ಕಾಲು ನೋವು ಅಂದೆ.

ಡಿಸೆಂಬರ್ 11, ಬುಧವಾರ

ಹೇಳಿಬಿಟ್ಟೆ. ಅವಳು ಕಂಪ್ಯೂಟರ್ ಮುಂದೆ ಕೂತಿದ್ಲು, ನಾನು ಬಾಗಿಲಲ್ಲೇ ನಿಂತು ಹೇಳಿದೆ.

“ನಿಂಬೆಹಣ್ಣಿನ ದೀಪದ ಸಾಲಲ್ಲಾ?” ಅಂದ್ಲು. ಹೂಂ ಅಂದೆ. ಇನ್ನೊಂದು ಸಲ ಅದನ್ನೇ ಕೇಳಿದ್ಲು. ಬೈಯ್ಯೇ, ಬೈದುಬಿಡು ಅಂದೆ. ಬೈಲಿಲ್ಲ.

“ಅತ್ತೆ, ಆ ನಂಬರ್ ಯಾರೂ ಲೆಕ್ಕಕ್ಕೇ ತಗೊಳಲ್ಲ. ಅವರು ನೋಡೋದು ಇದನ್ನ.” ಕಂಪ್ಯೂಟರನ್ನ ನನ್ನ ಕಡೆ ತಿರುಗಿಸಿದ್ಲು. ಸಾಲಾಗಿ ಕಡ್ಡಿ ನೆಟ್ಟ ಹಂಗೆ ನೀಲಿ ಗೀಟುಗಳು. ಒಂದೊಂದು ವರ್ಷಕ್ಕೆ ಎಷ್ಟು ಪೇಪರೋ ಅಷ್ಟುದ್ದ ಕಡ್ಡಿ. ಮಧ್ಯೆ ಎರಡು ಕಡೆ ಏನೂ ಇಲ್ಲ, ಹಲ್ಲು ಬಿದ್ದ ವಸಡಿನ ಹಂಗೆ. “ಈ ಎರಡು ವರ್ಷ ಖಾಲಿ ಇರೋದಕ್ಕೇ ನಂಬರ್ ಕೆಳಗೆ ಬಿತ್ತು.”

“ಯಾಕೇ ಖಾಲಿ? ಏನು ಮಾಡ್ತಿದ್ದೆ?”

“ಏನೋ ಬಿಡಿ ಅತ್ತೆ. ಅರ್ಜೀಲಿ ಮನೆ ಕಾರಣ ಅಂತ ಬರೆದಿದೀನಿ.”

ಕೆಳಗಡೆ ಇದ್ದ ಅಂಕಿ ಓದೋಕೆ ಇಂಗ್ಲಿಷ್ ಬೇಕಾಗಿಲ್ಲ. 2022. 2023. ಹಿಂದಿನ ವರ್ಷ ಬಿತ್ತಿದ್ದೇ ಅಲ್ವಾ ಮುಂದಿನ ವರ್ಷ ಪೇಪರ್ ಆಗೋದು. 2021ರ ಜೂನಲ್ಲಿ ನಾನು ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರ್ಕೊಂಡಿದ್ದು. ಮಾರನೇ ವರ್ಷ ಅದೇ ಕಾಲಕ್ಕೆ ಕೀವಾಗಿ ಎರಡನೇ ಆಪರೇಷನ್.

ಇವತ್ತಿಗೆ ಸಾಕು.

ಡಿಸೆಂಬರ್ 12, ಗುರುವಾರ

ದೀಪಕ್ ಆಗ ಇಬ್ರು ಆಯಾನ ಕರೆಸಿದ್ದ. ಒಬ್ಬಳನ್ನ ಮೂರು ದಿನಕ್ಕೆ ಓಡಿಸ್ದೆ, ಇನ್ನೊಬ್ಬಳನ್ನ ಒಂದೇ ದಿನಕ್ಕೆ. ಗೊತ್ತು ಗುರಿ ಇಲ್ಲದೋರು ನನ್ನ ಮೈ ಮುಟ್ಟಕೂಡದು, ಸೊಸೆ ಇದಾಳಲ್ಲ ಮನೇಲಿ, ಯಾವ ಘನಂದಾರಿ ಕೆಲಸ ಇದೆ ಅವಳಿಗೆ, ಅವರೆಕಾಯಿ ನೋಡೋದು ತಾನೆ ಅಂದಿದ್ದೆ. ಅವಳಿಗೂ ಕೇಳ್ಲಿ ಅಂತ ಜೋರಾಗೇ ಅಂದಿದ್ದೆ.

ಅವಳಾದ್ರೂ ಒಂದು ದಿನ ತಿರುಗಿ ಅನ್ಬೇಕಾಗಿತ್ತು. ನಂಗೆ ಅದೇ ಸಿಟ್ಟು. ಬಾಯಿ ಇಲ್ವಾ ಇವಳಿಗೆ?

ಡಿಸೆಂಬರ್ 13, ಶುಕ್ರವಾರ

ಕಮಿಟಿಗೆ ನಾನೇ ಕಾಗದ ಬರೆದೆ. ಸರ್ವಮಂಗಳಾ ಇಂಗ್ಲಿಷ್ ಮಾಡಿ ಕೊಡ್ತೀನಿ ಅಂದ್ಲು, ಬೇಡ ಅಂದೆ. ನನ್ನ ತಪ್ಪು ನನ್ನ ಭಾಷೇಲೇ ಇರ್ಲಿ. ಇದರ ನಕಲು ಇಲ್ಲಿ ಇಟ್ಕೊಂಡಿದೀನಿ.

‘ಕಮಿಟಿಯ ದೊಡ್ಡವರಿಗೆ ಇಟ್ಟಮಡು ಸೊಣ್ಣಮ್ಮನ ನಮಸ್ಕಾರ. ಪೇಪರ್ ನೋಡಿದವರ ಅಂಕಿ ಏರಿಸಿದವಳು ನಾನು. ಬನಶಂಕರಿ ಗುಡಿಯಲ್ಲಿ ರಾಹುಕಾಲದಲ್ಲಿ ಕೂತ ಹೆಂಗಸರ ಕೈಲಿ ಒತ್ತಿಸಿದೆ. ನನ್ನ ಸೊಸೆಗೆ ಗೊತ್ತಿರಲಿಲ್ಲ. ಶಿಕ್ಷೆ ಇದ್ದರೆ ನನಗೆ ಕೊಡಿ.

‘ಇನ್ನೊಂದು ಮಾತು. 2022 ಮತ್ತು 2023 ಖಾಲಿ ಇದೆ ಎಂದು ನೀವು ಅವಳನ್ನು ಕೇಳಿದ್ದೀರಿ. ಅವು ಖಾಲಿ ಇಲ್ಲ. ಅವು ನನ್ನವು. ಎರಡು ಅವರೆ ಹಂಗಾಮು ಅವಳು ಹೊಲಕ್ಕೆ ಹೋಗದೆ ನನ್ನ ಬೆಡ್‌ಪ್ಯಾನ್ ತೆಗೆದಿದ್ದಾಳೆ. ಹುಣ್ಣಾಗದ ಹಾಗೆ ದಿನಕ್ಕೆ ಹತ್ತು ಸಲ ಮಗ್ಗುಲು ತಿರುಗಿಸಿದ್ದಾಳೆ. ನಾನು ಬೈದಿದ್ದೇನೆ. ಈಗ ನಾನು ನಡೆಯುತ್ತೇನೆ. ಅದನ್ನು ಯಾವ ಬಳ್ಳಿಯಲ್ಲಿ ಎಣಿಸುತ್ತೀರೋ ಎಣಿಸಿ. ನಿಮ್ಮ ಮನೆಯಲ್ಲೂ ಮುದುಕಿಯರು ಇದ್ದರೆ ಅವರ ಮಗ್ಗುಲು ಯಾರು ತಿರುಗಿಸಿದರು, ಅವರ ನಂಬರ್ ಎಷ್ಟು ಎಂದು ವಿಚಾರಿಸಿ.’

ಶೃತಿ ಓದಿದ್ಲು. “ಅತ್ತೆ, ಬೆಡ್‌ಪ್ಯಾನ್ ಅನ್ನೋದು ಬೇಡ.”

“ಯಾಕೆ, ತೆಗೀಲಿಲ್ವಾ ನೀನು?”

“ಇದನ್ನ ಕೊಡ್ಲೇಬೇಕಾ?”

“ಕೊಡದಿದ್ರೆ ನಾನೇ ಬಸ್ ಹತ್ತಿ ಬರ್ತೀನಿ.”

ಮಡಚಿ ಚೀಲಕ್ಕೆ ಹಾಕ್ಕೊಂಡ್ಲು. ಮಡಚಿದ ಕಾಗದ ಇನ್ನೊಂದು ಸಲ ತೆಗೆದು ಓದಿದ್ದು ಅಡುಗೆಮನೆಯಿಂದ ಕಾಣ್ತು.

ಜನವರಿ 8, ಬುಧವಾರ

ಕಮಿಟಿ ಆಯ್ತು. ಬೆಳಿಗ್ಗೆಯಿಂದ ನಾನು ನೀರೂ ಕುಡಿದಿರ್ಲಿಲ್ಲ, ಅದು ವ್ರತ ಅಲ್ಲ, ಮರೆತಿದ್ದೆ ಅಷ್ಟೇ.

ಮಧ್ಯದಲ್ಲಿ ಕೂತ ದೊಡ್ಡ ಮನುಷ್ಯ ವಿಜಯಕುಮಾರ್ ಅಂತೆ. ನನ್ನ ಕಾಗದ ಎರಡು ಬೆರಳಲ್ಲಿ ಎತ್ತಿ, ಇದಕ್ಕೆ ಫಾರಮ್ಮಿನಲ್ಲಿ ಜಾಗ ಇಲ್ಲ ಅಂದನಂತೆ. ಧಾರವಾಡದಿಂದ ಬಂದಿದ್ದ ವಯಸ್ಸಾದ ಹೆಂಗಸೊಬ್ರು, ಜಾಗ ಇಲ್ಲಾಂದ್ರ ಕಿವಿ ಅದಾವಲ್ಲ ಅಂತ ಅವನ ಕೈಯಿಂದ ಇಸ್ಕೊಂಡು ಪೂರ್ತಿ ಓದಿದ್ರಂತೆ, ಬೆಡ್‌ಪ್ಯಾನನ್ನೂ ಬಿಡದಂಗೆ. ಆಮೇಲೆ ವಿಜಯಕುಮಾರ್, ನೋಡಿದವರ ಅಂಕಿಗೆ ಹೇಗೂ ಮಾರ್ಕಿಲ್ಲ, ಆ ವಿಷಯ ಬಿಡೋಣ ಅಂದನಂತೆ. ಮಾರ್ಕೇ ಇಲ್ಲದ್ದಕ್ಕೆ ಒಂದು ತಿಂಗಳು ಇವಳ ನಿದ್ದೆ ಕೆಡಿಸಿದ್ದು ಯಾಕೋ, ನಿನ್ನ ಮನೆ ಕಾಯ!

ಪರ್ಮನೆಂಟ್ ಆಗ್ಲಿಲ್ಲ. ಇನ್ನೊಂದು ವರ್ಷ ಅವಕಾಶ, ಅದೂ ಆ ಧಾರವಾಡದೋರು ಹಟ ಹಿಡಿದಿದ್ದಕ್ಕೆ. ಆದ್ರೆ ಸಂಸ್ಥೆಯ ಹೊಲದಲ್ಲಿ ಇವಳ ಪಾಲಿನ ಜಾಗ ನಂಬರ್ ಜಾಸ್ತಿ ಇರೋರಿಗೆ ಅಂತೆ. ತಿರುಮಲೇಶನಿಗೆ! ಹೊಲ ಅಂದ್ರೆ ಬೂಟಿಗೆ ಮಣ್ಣಾಗುತ್ತೆ ಅನ್ನೋನಿಗೆ!

“ಬಿತ್ತೋಕೆ ಜಾಗ ಇಲ್ದೆ ವರ್ಷ ಕೊಟ್ಟು ಏನು ಬಂತು ಅತ್ತೆ” ಅಂದ್ಲು. ಅಷ್ಟೇ ಅಂದಿದ್ದು. ಮುದ್ದೆ ಪೂರ್ತಿ ತಿಂದ್ಲು, ನಾನು ಬೈತೀನಿ ಅಂತ.

ಜನವರಿ 9, ಗುರುವಾರ

ಮನೆ ಪಕ್ಕದ ನಮ್ಮ ಎರಡು ಸೈಟಲ್ಲಿ ದೇವರಾಜ್ ಎಂಬೋನು ಹನ್ನೊಂದು ಟ್ಯಾಕ್ಸಿ ನಿಲ್ಲಿಸ್ಕೊಂಡಿದಾನೆ. ಬೆಳಿಗ್ಗೆನೇ ಹೋಗಿ, ಯುಗಾದಿಯೊಳಗೆ ಖಾಲಿ ಮಾಡು ಅಂದೆ.

“ಏನಜ್ಜಿ ಇದ್ದಕ್ಕಿದ್ದಂಗೆ! ಕಾರೆಲ್ಲಾ ಎಲ್ಲಿ ಹಾಕ್ಲಿ?”

“ನಿನ್ನ ತಲೆ ಮೇಲೆ ಹಾಕ್ಕೋ.”

“ಬಿಲ್ಡಿಂಗ್ ಕಟ್ತೀರಾ?”

“ಅವರೆ ಹಾಕ್ತೀವಿ.”

ಹುಚ್ಚು ಹಿಡೀತು ಮುದುಕಿಗೆ ಅಂತ ಅವನ ಮುಖದಲ್ಲೇ ಬರೆದಿತ್ತು. ದೀಪಕನೂ ಅದನ್ನೇ ನಯವಾಗಿ ಅಂದ. ಶೃತಿ ಮಾತ್ರ ಟೇಪು ಹಿಡ್ಕೊಂಡು ಹೋಗಿ ಕಾರುಗಳ ಮಧ್ಯೆ ನುಸುಳಿ ಅಳೆದು ಬಂದ್ಲು. “ಸಂಸ್ಥೆ ಹೊಲದಲ್ಲಿ ಹಾಕ್ತಿದ್ದ ಅರವತ್ನಾಲ್ಕು ತಳಿ ಇಲ್ಲಿ ಹಿಡಿಯಲ್ಲ ಅತ್ತೆ. ಹನ್ನೆರಡು ಹಿಡಿಯುತ್ತೆ.”

“ಒಳ್ಳೇ ಹನ್ನೆರಡು ಹಾಕು.”

ಜುಲೈ 20, ಭಾನುವಾರ

ಇವತ್ತು ಬಿತ್ತಿದ್ವಿ. ಆಯಿಲ್ ಕುಡಿದ ಮೇಲ್ಮಣ್ಣು ತೆಗೆಸಿ, ಕೆರೆ ಮಣ್ಣು ಹೊಡೆಸೋಕೆ ಮೂರು ತಿಂಗಳು ಹಿಡೀತು. ಎರಡೂ ಕಡೆ ನಾಲ್ಕು ಮಹಡಿ ಮನೆಗಳು, ಬಾಲ್ಕನಿ ತುಂಬ ಜನ ನಿಂತು ನೋಡಿದ್ರು, ಏನೋ ಸಿನಿಮಾ ತೆಗೀತಿದಾರೆ ಅನ್ನೋ ಹಂಗೆ.

ನಾನು ಸ್ಟೂಲ್ ಮೇಲೆ ಕೂತು ಮಡಕೆಯಿಂದ ಬೀಜ ತೆಗೆದು ಕೊಡ್ತಿದ್ದೆ. ಪ್ರತಿ ಸಾಲಿನ ತಲೆಗೂ ಅವಳು ಚೀಟಿ ನೆಟ್ಟಿದ್ಲು. ಏಳನೇ ಸಾಲಿಗೆ ಬಿಸಿಲು ಏರ್ತು, ನನ್ನ ಸೊಂಟ ಹಿಡ್ಕೊಂಡಿದ್ದು ಕಂಡ್ಬಿಡ್ತು ಅವಳಿಗೆ.

“ಅತ್ತೆ, ಸಾಕು, ಒಳಗೆ ಹೋಗಿ.”

“ಮುಯ್ಯಾಳಿಗೆ ಬಂದೋಳನ್ನ ಅರ್ಧದಲ್ಲಿ ಕಳಿಸ್ತಾರೇನೇ? ಎರಡು ಹಂಗಾಮು ಬರ್ಬೇಕು ನಾನು. ಇದು ಮೊದಲನೇದು.”

ಅವಳು ಬಗ್ಗಿದ್ದೋಳು ಮುಖ ಎತ್ತಲಿಲ್ಲ. ಕೈ ಮಾತ್ರ ಹಿಂದಕ್ಕೆ ಚಾಚಿದ್ಲು. “ಬೀಜ ಕೊಡಿ.”

ನೋಡಿದ್ರೆ ಗುಳಿಗೆ ಎರಡೆರಡೇ ಹಾಕ್ತಿದ್ಲು! ಮೂರು ಹಾಕ್ಬೇಕು ಕಣೇ, ಒಂದು ಹಕ್ಕಿ ತಿನ್ನುತ್ತೆ, ಒಂದು ಹುಟ್ಟಲ್ಲ, ಅಷ್ಟೂ ಗೊತ್ತಾಗಲ್ವಾ, ಇವಳಿಗೆ ಯಾವನು ಕೊಟ್ಟನೋ ಡಾಕ್ಟರೇಟು ಅಂತ ಬಾಲ್ಕನಿಯೋರಿಗೆಲ್ಲ ಕೇಳೋ ಹಂಗೆ ಬೈದೆ. ಅವಳು ಮೊದಲನೇ ಸಾಲಿಗೆ ವಾಪಸ್ ಹೋಗಿ ಮತ್ತೆ ಶುರು ಮಾಡಿದ್ಲು.